ಬಂಡೆಯ ಮೇಲ್ಗಡೆ ಬಸವನಹುಳ, ಕೆಳಗಡೆ ಪಚ್ಚಿಲೆ: ಯಾಕೆ ಹೀಗೆ?

ಸೋಮೇಶ್ವರ ಕಡಲತೀರದ ಬಂಡೆಗಳಲ್ಲಿ ಸಣ್ಣ ಬಸವನಹುಳ ಮೇಲ್ಗಡೆ, ಪಚ್ಚಿಲೆ (ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಮೀನು) ಬುಡದಲ್ಲಿ ಮಾತ್ರ, ಭರತ ಬಂದಾಗ ಎಲ್ಲ ಕಡೆ ನೀರು ಬರುತ್ತದಲ್ವಾ ಅಂತ ಕೇಳಿದ್ದೀರಿ. ನೀರು ಬರುತ್ತದೆ, ಆದರೆ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಮುಖ್ಯ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸುಮಾರಾಗಿ ಎರಡು ಭರತ, ಎರಡು ಇಳಿತ. ಬಂಡೆಯ ನೆತ್ತಿಗೆ ಸಿಗುವುದು ಹೆಚ್ಚಾಗಿ ಅಲೆ ಸಿಡಿದ ಹನಿ. ಬುಡ ಪೂರ್ತಿ ಬಯಲಾಗುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದಲ್ಲಿ.

ಪಚ್ಚಿಲೆಗೆ ಊಟ ಸಿಗುವುದು ನೀರು ಸೋಸಿದರೆ ಮಾತ್ರ. ಚಿಪ್ಪು ಮುಚ್ಚಿಕೊಂಡು ಕೆಲವು ಗಂಟೆ ತಡೆಯುತ್ತದೆ, ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಆಗುವುದಿಲ್ಲ. ಮೇಲಿನ ಬಸವನಹುಳವನ್ನು ಮಧ್ಯಾಹ್ನ ಬಗ್ಗಿ ನೋಡಿ. ಮೈಯನ್ನು ಪೂರ್ತಿ ಒಳಗೆಳೆದುಕೊಂಡು ಬಾಯಿಗೆ ಮುಚ್ಚಳ ಹಾಕಿರುತ್ತದೆ, ಚಿಪ್ಪಿನ ಅಂಚು ಮಾತ್ರ ಒಣಗಿದ ಲೋಳೆಯಿಂದ ಕಲ್ಲಿಗೆ ಅಂಟಿರುತ್ತದೆ. ಕಾದ ಬಂಡೆಗೆ ಮೈ ತಾಗುವುದೇ ಇಲ್ಲ! ಇಡೀ ತೀರದಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಹಾಗಾದರೆ ಮೇಲಿನವು ಆರಾಮಾಗಿ ಕೆಳಗಿಳಿಯಬಹುದಲ್ವಾ? ಅಲ್ಲಿ ಬಿಸಿಲಿನ ಕಾಟ ಕಡಿಮೆ, ಅಕ್ಕಪಕ್ಕದವರ ಕಾಟ ಜಾಸ್ತಿ. ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ತೀರದಲ್ಲಿ ಇದನ್ನೇ ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಬಾರ್ನಕಲ್, ಅಂದರೆ ಬಂಡೆ ಹತ್ತುವಾಗ ಕಾಲು ಗೀರುವ ಆ ಬಿಳಿ ಚೂಪು ಗೂಡುಗಳು (ಇವು ಏಡಿ, ಸಿಗಡಿಯ ಬಂಧುಗಳು, ಚಿಪ್ಪುಮೀನಲ್ಲ). ಮೇಲಿನ ಸಣ್ಣ ಜಾತಿ ಕೆಳಗೂ ಚೆನ್ನಾಗಿಯೇ ಬದುಕಿತು, ಆದರೆ ಕೆಳಗಿನ ದೊಡ್ಡ ಜಾತಿಯನ್ನು ಕಿತ್ತು ದೂರವಿಟ್ಟಾಗ ಮಾತ್ರ. ಇಲ್ಲದಿದ್ದರೆ ಅದು ಬೆಳೆಯುತ್ತ ಬೆಳೆಯುತ್ತ ಸಣ್ಣದನ್ನು ಒತ್ತಿ, ಬುಡದಿಂದ ಎಬ್ಬಿಸಿ ಕೊಲ್ಲುತ್ತಿತ್ತು. ಆಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೀರದಲ್ಲಿ ಇನ್ನೊಬ್ಬ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ ಬಂಡೆಯ ಒಂದು ಭಾಗದಿಂದ, ಚಿಪ್ಪುಗಳನ್ನು ತಿನ್ನುವ ನಕ್ಷತ್ರಮೀನುಗಳನ್ನು ತೆಗೆಯುತ್ತಲೇ ಹೋದರು. ಪಚ್ಚಿಲೆಯಂಥದೇ ಚಿಪ್ಪುಗಳು ಕೆಳಕ್ಕೆ ಹರಡಿ ಜಾಗವನ್ನೆಲ್ಲ ಹಿಡಿದವು. ಅಲ್ಲಿದ್ದ 15 ಜಾತಿಗಳಲ್ಲಿ ಉಳಿದಿದ್ದು 8, ಇದು 1966ರಲ್ಲಿ ಅವರು ಬರೆದ ಲೆಕ್ಕ.

ಒಟ್ಟಿನಲ್ಲಿ ಮೇಲಿನ ಗಡಿ ಹೆಚ್ಚಾಗಿ ಬಿಸಿಲಿನದು, ಕೆಳಗಿನದು ಹೆಚ್ಚಾಗಿ ನೆರೆಹೊರೆಯದ್ದು. ನಮ್ಮಲ್ಲೂ ಚಿಪ್ಪಿಗೆ ತೂತು ಕೊರೆದು ತಿನ್ನುವ ಬಸವನಹುಳಗಳಿವೆ. ಖಾಲಿ ಚಿಪ್ಪು ಸಿಕ್ಕರೆ ಸೂಜಿಯಿಂದ ಕೊರೆದಂಥ ದುಂಡಗಿನ ತೂತು ಇದೆಯಾ ನೋಡಿ.

ಮರಳಲ್ಲಿ ಕಥೆಯೇ ಬೇರೆ, ಅಲ್ಲಿ ಹೂತುಕೊಂಡರೆ ಒಣಗುವ ಭಯ ಕಡಿಮೆ. ಬಂಡೆಯಲ್ಲೇ ಒಂದು ಪರೀಕ್ಷೆ ಮಾಡಿ: ಅಲೆಗೆ ಮುಖ ಮಾಡಿದ ಬದಿಯನ್ನೂ ಮರೆಯ ಬದಿಯನ್ನೂ ಹೋಲಿಸಿ. ಅಲೆ ಸಿಡಿಯುವ ಕಡೆ ಈ ಜೀವಿಗಳ ಪಟ್ಟಿಗಳು ಸಾಮಾನ್ಯವಾಗಿ ಮೇಲಕ್ಕೆ ಏರಿರುತ್ತವೆ. ಇಳಿತದ ಹೊತ್ತು ನೋಡಿಕೊಂಡು ಹೋಗಿ, ಮಳೆಗಾಲದಲ್ಲಂತೂ ಆ ಬಂಡೆಗಳ ಮೇಲೆ ಕಾಲಿಡಬೇಡಿ.