ಜರಿಗಿಡಗಳನ್ನು (ಫರ್ನ್) ನಿಜವಾಗಿಯೂ ಔಷಧಿಯಾಗಿ ಬಳಸುತ್ತಿದ್ದರಾ?

ಹೌದು, ಬಳಸುತ್ತಿದ್ದರು. ಎಲ್ಲಕ್ಕಿಂತ ಹೆಸರು ಮಾಡಿದ್ದು ಯುರೋಪಿನ 'ಗಂಡು ಜರಿ', ಅಂದರೆ ಡ್ರಯಾಪ್ಟೆರಿಸ್ ಫಿಲಿಕ್ಸ್‌ಮಾಸ್. ಅದರ ಬೇರುಕಾಂಡದ ಪುಡಿಯನ್ನು ಲಾಡಿಹುಳಕ್ಕೆ ಕೊಡುತ್ತಿದ್ದರು. ಸ್ವಿಟ್ಜರ್‌ಲೆಂಡಿನ ನೂಫೆರ್ ಎಂಬ ವಿಧವೆ ಗುಟ್ಟಾಗಿಟ್ಟಿದ್ದ ಈ ಮದ್ದನ್ನು 18ನೇ ಶತಮಾನದಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿ ದುಡ್ಡು ಕೊಟ್ಟು ಕೊಂಡುಕೊಂಡ! ಮದ್ದು ಹುಳವನ್ನು ಮರಗಟ್ಟಿಸುತ್ತದೆ, ಆಮೇಲೆ ಹುಳ ಭೇದಿಯಲ್ಲಿ ಹೊರಬೀಳುತ್ತದೆ. ಆದರೆ ಪ್ರಮಾಣ ಸ್ವಲ್ಪ ಹೆಚ್ಚಾದರೂ ಕಣ್ಣೇ ಹೋಗಬಹುದು. ಹರಳೆಣ್ಣೆ ಜೊತೆ ಕೊಟ್ಟರೆ ವಿಷ ಇನ್ನೂ ಬೇಗ ಏರುತ್ತದೆ ಎಂದು ವೈದ್ಯರೇ ಎಚ್ಚರಿಸುತ್ತಿದ್ದರು. ಸುರಕ್ಷಿತ ಮಾತ್ರೆಗಳು ಬಂದ ಮೇಲೆ ಇದು ಮೂಲೆಗೆ ಸರಿಯಿತು, ಸರಿಯಬೇಕಾದದ್ದೇ.

ನಮ್ಮ ಆಯುರ್ವೇದದ ಹಂಸಪದಿಯೂ ಜರಿಯೇ (ಅಡಿಯಾಂಟಮ್). ಮಳೆಗಾಲದಲ್ಲಿ ತೇವದ ಕಲ್ಲುಸಂದಿಯಲ್ಲಿ ನೋಡಿ: ಕೂದಲಿನಷ್ಟು ತೆಳ್ಳಗಿನ, ಮಿರಮಿರ ಹೊಳೆಯುವ ಕಪ್ಪು ಕಡ್ಡಿ, ನೀರು ಬಿದ್ದರೂ ಒದ್ದೆಯಾಗದ ಎಲೆ. ಇದೇ ಕುಲದ ಇನ್ನೊಂದು ಜರಿಯನ್ನು ಯುನಾನಿಯವರು ಕೆಮ್ಮು, ಕಫದ ಕಷಾಯಕ್ಕೆ ಹಾಕುತ್ತಾರೆ.

ಜರಿಯ ದೂರದ ನೆಂಟ ಲೈಕೋಪೋಡಿಯಂ. ಅದರ ಹಳದಿ ಬೀಜಕಪುಡಿಯನ್ನು (ಬೀಜದ ಬದಲು ಗಿಡ ಉದುರಿಸುವ ಸಣ್ಣ ಕಣಗಳನ್ನು) ನೀರಿನ ಮೇಲೆ ಉದುರಿಸಿ ಬೆರಳು ಅದ್ದಿದರೆ ಬೆರಳು ಒಣಗಿಯೇ ಹೊರಬರುತ್ತದೆ. ಹಾಗಾಗಿಯೇ ಮಾತ್ರೆಗಳು ಅಂಟದಿರಲು, ಉಜ್ಜಿ ಕೆಂಪಾದ ಚರ್ಮಕ್ಕೆ ಸವರಲು ಅದನ್ನು ಬಳಸುತ್ತಿದ್ದರು.

ದಯವಿಟ್ಟು ಕಾಡಿನಿಂದ ಕಿತ್ತು ಪ್ರಯೋಗ ಮಾಡಬೇಡಿ. ಕೊಡಗಿನಲ್ಲಿ ಪಲ್ಯ ಮಾಡುವ ಥೆರ್ಮೆ ತೊಪ್ಪು ಸಹ ಜರಿಯೇ, ಆದರೆ ಬ್ರಾಕೆನ್ ಎಂಬ ಜರಿಯಲ್ಲಿ ಕ್ಯಾನ್ಸರ್ ತರುವ ಅಂಶವಿದೆ. ಚಿಗುರು ಸುರುಳಿಯಾಗಿರುವಾಗ ಗೊತ್ತಿಲ್ಲದ ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು.