ಜುಲೈನಲ್ಲಿ ಇಬ್ಬರೇ ಮುಂಬಯಿಗೆ ಹೋಗುವುದಾದರೆ, ಮೊದಲು ಉಬ್ಬರದ ಸಮಯ ನೋಡಿ

ಹೊಸದಾಗಿ ಮದುವೆಯಾದವರು, ಜುಲೈನಲ್ಲಿ ಮುಂಬಯಿ, ನೆನೆಯದೆ ಸುತ್ತಲು ಯಾವ ಮಾಲ್ ಒಳ್ಳೆಯದು, ದಿನಪೂರ್ತಿ ಕಾರು ಮಾಡಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ಹೋದವರು ನಾವು. ದಯವಿಟ್ಟು ಕಾರು ಮಾಡಬೇಡಿ.

ನಮ್ಮೂರು ತೀರ್ಥಹಳ್ಳಿ ಕಡೆ. ಆಗುಂಬೆಯ ಮಗ್ಗುಲಲ್ಲೇ ಬೆಳೆದವರಿಗೆ ಮಳೆಯ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ ಅಂತ ನಾನೂ ನನ್ನ ಗಂಡನೂ ನಂಬಿದ್ದೆವು. ಬಾಡಿಗೆ ಕಡಿಮೆ ಅಂತ ಅಂಧೇರಿ ಪೂರ್ವದಲ್ಲಿ ಹೋಟೆಲ್ ಹಿಡಿದೆವು. ನೋಡಬೇಕು ಅಂದುಕೊಂಡದ್ದೆಲ್ಲ ಇದ್ದದ್ದು ಊರಿನ ದಕ್ಷಿಣದ ತುದಿಯಲ್ಲಿ. ಅಷ್ಟು ದೂರ ಲೋಕಲ್ ರೈಲಿನಲ್ಲಿ ಯಾಕೆ ನೂಕಾಡುವುದು ಅಂತ ಇಡೀ ದಿನಕ್ಕೆ ಕಾರು ಮಾಡಿ, ಬೆಳಿಗ್ಗೆ ಆರಾಮಾಗಿ ತಿಂಡಿ ತಿಂದು ಹೊರಟೆವು. ಮಳೆ ಜೋರಾಗಿತ್ತು, ನಮ್ಮ ಕಣ್ಣಿಗೆ ಅದು ಮಾಮೂಲಿ ಮಳೆ. ಕಿಂಗ್ಸ್ ಸರ್ಕಲ್ ದಾಟಿ ದಾದರ್ ಹತ್ತಿರ ಬರುವಾಗ ಮುಂದಿನ ಬಸ್ಸು ನಿಂತಿತು. ಹಿಂದೆ ಸಾಲು ಕಟ್ಟಿತು. ಮಧ್ಯಾಹ್ನ ಕಳೆದರೂ ನಾವು ಅಲ್ಲೇ.

ಉಬ್ಬರಕ್ಕೂ ರಸ್ತೆಗೂ ಸಂಬಂಧ ಇದೆ ಅಂತ ನಮಗೆ ಹೊಳೆದೇ ಇರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೊಂದು ತಿಳಿದಿದ್ದರೆ ಆ ದಿನ ಉಳಿಯುತ್ತಿತ್ತು. ಮಲೆನಾಡಿನಲ್ಲಿ ಎಷ್ಟೇ ಸುರಿಯಲಿ, ನೀರು ಇಳಿಜಾರು ಹಿಡಿದು ತುಂಗೆಗೆ ಹೋಗಿಬಿಡುತ್ತದೆ. ಮುಂಬಯಿಯ ಮಳೆನೀರಿನ ಚರಂಡಿಗಳು ಸಮುದ್ರಕ್ಕೆ ತೆರೆದುಕೊಳ್ಳುತ್ತವೆ, ಹಲವುಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಸಮುದ್ರ ಏರಿದಾಗ ಊರಿನ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಗೇಟು ಮುಚ್ಚಿ ಪಂಪ್ ಹಚ್ಚುತ್ತಾರೆ, ಪಂಪಿಗಿಂತ ಮಳೆ ಜೋರಾದರೆ ಹಿಂದ್‌ಮಾತಾ, ಸಯನ್, ಗಾಂಧಿ ಮಾರ್ಕೆಟ್, ಮಿಲನ್ ಸಬ್‌ವೇ ಥರದ ತಗ್ಗು ಜಾಗಗಳು ತುಂಬುತ್ತವೆ. ಹಿಂದ್‌ಮಾತಾದ ನೀರು ಹಿಡಿದಿಡಲು ಈಗ ನೆಲದಡಿ ಟ್ಯಾಂಕ್‌ಗಳನ್ನು ಕಟ್ಟಿದ್ದಾರೆ, ಆದರೂ ಅದನ್ನೇ ನಂಬಿ ಹೊರಡಬೇಡಿ. ಅದೇ ಮಳೆ ಇಳಿತದ ಹೊತ್ತಿಗೆ ಬಂದರೆ ರಸ್ತೆ ಬೇಗ ಬಿಟ್ಟುಕೊಳ್ಳುತ್ತದೆ. ಉಬ್ಬರ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಅತಿ ಎತ್ತರ. ಮಹಾನಗರಪಾಲಿಕೆ ಪ್ರತಿ ಮಳೆಗಾಲಕ್ಕೂ ದೊಡ್ಡ ಉಬ್ಬರದ ದಿನಗಳ ಪಟ್ಟಿ ಹೊರಡಿಸುತ್ತದೆ. 4.5 ಮೀಟರ್‌ಗಿಂತ ಹೆಚ್ಚು ಅಂತ ಇದ್ದು, ಹವಾಮಾನ ಇಲಾಖೆ ಭಾರಿ ಮಳೆ ಅಂತಲೂ ಹೇಳಿದ್ದರೆ, ಆ ಗಂಟೆಗಳಲ್ಲಿ ದೂರ ಹೋಗುವ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿದ ದಿನವೂ ಉಬ್ಬರ ಸೇರಿಕೊಂಡೇ ಊರು ಮುಳುಗಿದ್ದು.

ಕಾರಿನೊಳಗೆ ಕೂತಿದ್ದಾಗ ಬಾಗಿಲ ಕೆಳಗಿನಿಂದ ನೀರು ಜಿನುಗಿ ಮ್ಯಾಟ್ ತೇಲತೊಡಗಿತು. ಡ್ರೈವರ್ ಎಂಜಿನ್ ಆರಿಸಿದ, ಗಾಜಿಗೆ ಹಬೆ ಕಟ್ಟಿತು. ಹೊರಗೆ ಜನ ಚಪ್ಪಲಿ ಕೈಯಲ್ಲಿ ಹಿಡಿದು, ಡಿವೈಡರ್ ತಡವಿಕೊಂಡು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ತೆರೆದ ಮ್ಯಾನ್‌ಹೋಲ್ ಪಕ್ಕ ಒಬ್ಬ ಬಿದಿರಿನ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಅಲ್ಲಾಡದೆ ನಿಂತಿದ್ದ. ಅವನು ಅಲ್ಲಿ ನಿಂತಿರದಿದ್ದರೆ ಎಷ್ಟು ಜನ ಒಳಗೆ ಹೋಗುತ್ತಿದ್ದರೋ. ಅದಕ್ಕೇ ಹೇಳುವುದು: ನಿಂತ ನೀರಿನಲ್ಲಿ ನಡೆಯುವ ಧೈರ್ಯ ಮಾಡಬೇಡಿ, ನಡೆಯಲೇಬೇಕಾದರೆ ಸ್ಥಳೀಯರು ಹೋಗುವ ಗೆರೆಯಲ್ಲೇ ಹೋಗಿ. ಆ ಹೊತ್ತಿಗೂ ಪಶ್ಚಿಮ ಮಾರ್ಗದ ಲೋಕಲ್ ತಡವಾಗಿಯಾದರೂ ಓಡುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಕಾರಿನ ಪೂರ್ತಿ ಬಾಡಿಗೆ ಕೊಟ್ಟು, ಸಮುದ್ರದ ಮುಖವನ್ನೂ ನೋಡದೆ ರಾತ್ರಿ ವಾಪಸು ಬಂದೆವು. ನಾನು ಅತ್ತೂಬಿಟ್ಟೆ.

ಮಾರನೆಯ ದಿನ ನನ್ನ ಗಂಡ ಮಾಡಿದ ಒಳ್ಳೆಯ ಕೆಲಸ ಅಂದರೆ ಅಂಧೇರಿ ಹೋಟೆಲ್ ಬಿಟ್ಟು ದಕ್ಷಿಣ ಮುಂಬಯಿಯ ಫೋರ್ಟ್‌ನಲ್ಲಿ ಸಣ್ಣ ಲಾಡ್ಜ್ ಹುಡುಕಿದ್ದು. ಕೋಣೆ ಚಿಕ್ಕದು, ದುಬಾರಿಯೂ ಹೌದು. ಆದರೆ ಬಾಗಿಲು ತೆಗೆದರೆ ನೋಡಬೇಕಾದದ್ದೆಲ್ಲ ಕಾಲ್ನಡಿಗೆಯಲ್ಲಿ. ಸಿಎಸ್‌ಎಂಟಿಯಿಂದ (ಹಿಂದೆ ವಿ.ಟಿ. ಅನ್ನುತ್ತಿದ್ದ ರೈಲು ನಿಲ್ದಾಣ) ಫ್ಲೋರಾ ಫೌಂಟನ್‌ವರೆಗಿನ ದಾದಾಭಾಯಿ ನವರೋಜಿ ರಸ್ತೆಯ ಹಳೆಯ ಕಟ್ಟಡಗಳಿಗೆ ಕೆಳಗೆ ಕಮಾನಿನ ಸಾಲು ಇದೆ, ಮಳೆಯಲ್ಲೂ ಹೆಚ್ಚಿನ ದಾರಿ ಅದರಡಿಯಲ್ಲೇ ಸಾಗುತ್ತದೆ. ಸಿಎಸ್‌ಎಂಟಿಯ ಎದುರು ಅರ್ಧ ಗಂಟೆ ನಿಲ್ಲಿ. ಕಲ್ಲು ನೆನೆದಾಗ ಅದರ ಬಣ್ಣವೇ ಬೇರೆ, ಗೋಡೆಯಿಂದ ಹೊರಗೆ ಚಾಚಿರುವ ಪ್ರಾಣಿಗಳ ಮುಖ ಎದ್ದು ಕಾಣುತ್ತದೆ. ಡಿಸೆಂಬರ್‌ನ ಬಿಸಿಲಿನಲ್ಲೂ ನೋಡಿದ್ದೇನೆ, ಮಳೆಯಲ್ಲೇ ಚಂದ.

ಒಳಾಂಗಣ ಬೇಕೇ ಬೇಕು ಅಂದರೆ ಮಾಲ್ ಯಾಕೆ? ಮಾಲ್ ಬೆಂಗಳೂರಿನಲ್ಲೂ ಇದೆ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಿ. ನಮ್ಮ ಐಹೊಳೆಯ ಗುಡಿಯ ಒಳಚಾವಣಿಯಿಂದ ಬಂದ ಬ್ರಹ್ಮನ ಫಲಕ ಅಲ್ಲಿದೆ. ಗುಡಿಯಲ್ಲಾದರೆ ಕತ್ತೆತ್ತಿ ನೋಡಬೇಕಾಗಿದ್ದದ್ದನ್ನು ಇಲ್ಲಿ ಕಣ್ಣೆದುರಿಗೆ ನಿಂತು ನೋಡಬಹುದು. ಅಲ್ಲೇ ಪಕ್ಕದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ. 1952ರಲ್ಲಿ ಅದು ಆಗುವುದಕ್ಕೆ ಒತ್ತಾಸೆಯಾದವರಲ್ಲಿ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರೂ ಒಬ್ಬರು.

ನೆನೆಯಬಾರದು ಅನ್ನುವ ನಿಮ್ಮ ಷರತ್ತನ್ನೇ ಬಿಟ್ಟುಬಿಡಿ ಅಂತ ನಾನು ಹೇಳುವುದು ಕನ್ಹೇರಿ ಗುಹೆಗಳಿಗಾಗಿ. ಇಳಿತದ ಹೊತ್ತು ನೋಡಿ ಬೋರಿವಲಿಗೆ ಲೋಕಲ್ ಹಿಡಿಯಿರಿ. ಬೆಳಿಗ್ಗೆ ನೂಕುನುಗ್ಗಲೆಲ್ಲ ದಕ್ಷಿಣಕ್ಕೆ ಬರುವ ಗಾಡಿಗಳಲ್ಲಿ, ನಿಮ್ಮದು ಎದುರು ದಿಕ್ಕು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಅವು. ಭಿಕ್ಷುಗಳು ಬಂಡೆಯಲ್ಲಿ ಕಾಲುವೆ ಕೊರೆದು ಮಳೆನೀರನ್ನು ತಮ್ಮ ಗುಹೆಯ ಪಕ್ಕದ ತೊಟ್ಟಿಗೆ ತಿರುಗಿಸಿಕೊಂಡಿದ್ದರು. ಬೇಸಿಗೆಯಲ್ಲಿ ಹೋದರೆ ಅವು ಬರೀ ಗೀರುಗಳು. ಜುಲೈನಲ್ಲಿ ಆ ಗೀರುಗಳಲ್ಲಿ ನೀರು ಹರಿಯುವುದನ್ನು ನೋಡುತ್ತೀರಿ. ಅಮೋಘವರ್ಷನ ಕಾಲದ ಶಾಸನಗಳೂ ಅಲ್ಲಿವೆ. ನಾವಿಬ್ಬರೂ ತೊಪ್ಪೆಯಾಗಿ, ಭಿಕ್ಷುಗಳು ವಾಸವಿದ್ದ ಒಂದು ವಿಹಾರದ ಕಲ್ಲಿನ ಜಗಲಿಯಲ್ಲಿ ಕೂತು ಎಷ್ಟೋ ಹೊತ್ತು ಮಾತಾಡಿದೆವು. ಮದುವೆ ಗಲಾಟೆಯಲ್ಲಿ ಆಡಲಾಗದ ಮಾತುಗಳು ಅವು. ಕಾಲಿಗೆ ಹಿಡಿತ ಇರುವ ಚಪ್ಪಲಿ ಇರಲಿ, ಬಂಡೆ ಪಾಚಿಗಟ್ಟಿರುತ್ತದೆ. ಸೋಮವಾರ ರಜೆ.

ಎಲಿಫೆಂಟಾ ದ್ವೀಪದ ಗುಹೆಗಳನ್ನು ಈ ಸಲ ಪಟ್ಟಿಯಿಂದ ತೆಗೆದುಬಿಡಿ, ಸಮುದ್ರ ಒರಟಾದರೆ ದೋಣಿ ಬಿಡುವುದಿಲ್ಲ. ಸಮುದ್ರದ ನಡುವಿನ ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಉಬ್ಬರದಲ್ಲಿ ನೀರಿನಡಿ ಹೋಗುತ್ತದೆ, ಅದಕ್ಕೂ ಇಳಿತವೇ ಸರಿ. ಮರೀನ್ ಡ್ರೈವ್‌ಗೆ ಮಾತ್ರ ಉಬ್ಬರದಲ್ಲೇ ಹೋಗಿ, ಆದರೆ ಕಟ್ಟೆಯಿಂದ ದೂರ, ಪೊಲೀಸರು ಹಗ್ಗ ಕಟ್ಟಿದ ಈಚೆಗೆ ನಿಂತು ನೋಡಿ. ಮಾಟುಂಗಾ ಪೂರ್ವದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ ಮಾಡಿ ಬನ್ನಿ, ಮಳೆಯಲ್ಲಿ ಆ ಬಿಸಿ ಸಾರು ತುಂಬ ಹಿತ.

ನೀವು ಕೊಂಕಣ ರೈಲಿನಲ್ಲಿ ಹೋಗುವವರಾದರೆ ಅಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ, ವೇಗವೂ ಕಡಿಮೆ, ಟಿಕೆಟ್ ತೆಗೆಯುವಾಗ ಗಮನಿಸಿ. ತಾರೀಖು ತಿಳಿಸಿದರೆ ಆ ವಾರದ ಉಬ್ಬರ ನೋಡಿ, ಯಾವ ದಿನ ಕನ್ಹೇರಿ, ಯಾವ ದಿನ ಫೋರ್ಟ್ ಅಂತ ಬರೆದು ಕಳಿಸುತ್ತೇನೆ.