ಸಣ್ಣ ಬೀಡು ಫೌಂಡ್ರಿ ಕೋಕ್ ಬಿಟ್ಟು ವಿದ್ಯುತ್ ಭಟ್ಟಿಗೆ ಹೋಗಬೇಕಾದರೆ ಸಬ್ಸಿಡಿಗಾಗಿ ಕಾಯಬೇಕೆ?

ಸಬ್ಸಿಡಿ ಬರುವವರೆಗೆ ಕಾಯಬೇಕೆ ಅಥವಾ ಈಗಲೇ ಸಾಲ ಮಾಡಿ ಇಂಡಕ್ಷನ್ ಫರ್ನೇಸ್, ಅಂದರೆ ವಿದ್ಯುತ್ತಿನಿಂದ ಲೋಹ ಕರಗಿಸುವ ಭಟ್ಟಿ, ಹಾಕಬೇಕೆ ಎಂದು ಕೇಳಿದ್ದೀರಿ. ಅದೇ ಪ್ರಶ್ನೆಯ ಕೊನೆಯಲ್ಲಿ, ಕೋಕ್ ಭಟ್ಟಿಯ ಮೇಲಿರುವ ಆರು ಜನರನ್ನು ಬಿಡಿಸಿದರೆ ತಿಂಗಳಿಗೆ ಎಷ್ಟು ಉಳಿಯುತ್ತದೆ, ಅದರಿಂದ ಕಂತಿನ ಎಷ್ಟು ಭಾಗ ತೀರುತ್ತದೆ ಎಂಬ ಲೆಕ್ಕವನ್ನೂ ಬರೆದಿದ್ದೀರಿ. 2017ರಲ್ಲಿ ನಾನು ಹಾಕಿದ್ದ ಲೆಕ್ಕವೂ ಇದೇ ಆಗಿತ್ತು, ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ತಂದೆಯವರು ಆರಂಭಿಸಿದ ಬೀಡಿನ, ಅಂದರೆ ಎರಕದ ಕಬ್ಬಿಣದ, ಫೌಂಡ್ರಿ. ಪಂಪಿನ ಕವಚ, ಮೋಟಾರಿನ ಬಾಡಿ, ಬೇರಿಂಗ್ ಹೌಸಿಂಗ್ ಇಂಥವನ್ನು ಎರಕ ಹೊಯ್ಯುತ್ತೇವೆ. ವಾರದಲ್ಲಿ ಎರಡು ದಿನ ಕ್ಯುಪೋಲಾ, ಅಂದರೆ ಕೋಕ್ ಸುಡುವ ಎತ್ತರದ ಭಟ್ಟಿ, ಹೊತ್ತುತ್ತಿತ್ತು, ಉಳಿದ ದಿನಗಳಲ್ಲಿ ಮರಳಿನ ಅಚ್ಚು ಕಟ್ಟುವ ಕೆಲಸ ನಡೆಯುತ್ತಿತ್ತು. ಭಟ್ಟಿಯ ಹೊಣೆ ಹೊತ್ತವರು ಖಾನಾಪುರದ ಕಡೆಯ ಒಬ್ಬ ಹಿರಿಯರು. ನಾನು ಚಿಕ್ಕವನಿದ್ದಾಗಿನಿಂದ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಅವರ ಕೈಕೆಳಗೆ ಏಳು ಜನ ಇದ್ದರು. ಕೋಕ್ ಮತ್ತು ಸುಣ್ಣದ ಕಲ್ಲು ತೂಗಿ ಮೇಲಿನಿಂದ ತುಂಬುವವರು, ಬ್ಲೋವರ್ ನೋಡುವವನು, ಪ್ರತಿ ಭಟ್ಟಿಯ ಮರುದಿನ ಒಳಗಿಳಿದು ಸುಟ್ಟುಹೋದ ಇಟ್ಟಿಗೆಯ ಮೇಲೆ ಬೆಂಕಿಮಣ್ಣು ಮೆತ್ತುವ ಇಬ್ಬರು, ಕರಗಿದ ಲೋಹ ಒಯ್ಯುವ ಪಾತ್ರೆಯಾದ ಲೇಡಲ್ ಹಿಡಿಯುವವರು. ಎಂಟು ಜನರಲ್ಲಿ ನಾಲ್ವರು ಕಾಯಂ, ನಾಲ್ವರು ಗುತ್ತಿಗೆದಾರನ ಮೂಲಕ ಬಂದವರು.

ಬದಲಾಗಬೇಕೆಂದು ನನಗೆ ಅನ್ನಿಸಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಕೋಕ್ ಮಾಡುವುದು ಕಲ್ಲಿದ್ದಲಿನಿಂದಲೇ; ಒಳ್ಳೆಯ ಕೋಕ್ ಬೇಕೆಂದರೆ ಆಮದಿನ ಕಲ್ಲಿದ್ದಲನ್ನೇ ನೆಚ್ಚಬೇಕು, ಹಾಗಾಗಿ ಹೊರದೇಶದಲ್ಲಿ ದರ ಏರಿದರೆ ಉದ್ಯಮಬಾಗದಲ್ಲಿ ನಮ್ಮ ಬೆಲೆಪಟ್ಟಿ ಕೆಡುತ್ತಿತ್ತು. ಹೊಗೆಯ ವಿಚಾರದಲ್ಲಿ ಬರುತ್ತಿದ್ದ ನೋಟಿಸುಗಳೂ ನ್ಯಾಯವಾದವೇ, ಏಕೆಂದರೆ ಭಟ್ಟಿಯ ದಿನ ಹಿಂಬದಿಯ ಓಣಿಯವರು ಬಟ್ಟೆ ಒಣಹಾಕುತ್ತಿರಲಿಲ್ಲ. ಸಾಲ ಮಂಜೂರಾಯಿತು, ಅರ್ಧ ಟನ್ನಿನ ಇಂಡಕ್ಷನ್ ಫರ್ನೇಸ್ ಬಂದು ಕುಳಿತಿತು. ಮೊದಲ ಪ್ರಯೋಗದ ಎರಕ ಚೆನ್ನಾಗಿ ಬಂದ ವಾರದಲ್ಲಿಯೇ ಕ್ಯುಪೋಲಾವನ್ನು ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿ ಗುಜರಿಗೆ ಹಾಕಿಸಿದೆ, ಮತ್ತು ಆ ಎಂಟು ಜನರನ್ನೂ ಮನೆಗೆ ಕಳುಹಿಸಿದೆ.

ಈ ಒಂದು ತಪ್ಪನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಮಾಡುವಾಗ ಅದು ತಪ್ಪಿನಂತೆ ಕಾಣಲಿಲ್ಲ. ಕಾಯಂ ಇದ್ದವರಿಗೆ ಒಂದು ತಿಂಗಳ ನೋಟಿಸಿನ ಸಂಬಳ, ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಪರಿಹಾರ, ಗ್ರಾಚ್ಯುಟಿ ಎಲ್ಲವನ್ನೂ ಕಾಯಿದೆಯಂತೆ ಕೊಟ್ಟೆ. ಗುತ್ತಿಗೆಯ ನಾಲ್ವರ ಲೆಕ್ಕ ಗುತ್ತಿಗೆದಾರನದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರಿಗೆ ಏನೂ ಸಿಗಲಿಲ್ಲವೆಂಬುದು ಆ ದಿನವೇ ನನಗೆ ಗೊತ್ತಿತ್ತು. ಕ್ಯುಪೋಲಾ ಹೋದ ಮೇಲೆ ಕ್ಯುಪೋಲಾದವರಿಗೆ ಏನು ಕೆಲಸ ಎಂದು ನಾನು ಕೇಳಿಕೊಂಡೆ, ಉತ್ತರ ಸ್ಪಷ್ಟವಿದೆಯೆಂದು ನಂಬಿದೆ. ಆ ಎಂಟು ಜನರಿಗೆ ಏನೇನು ಗೊತ್ತಿದೆ ಎಂದು ಒಂದು ಹಾಳೆಯ ಮೇಲೆ ಬರೆದು ನೋಡಿದ್ದರೂ ಸಾಕಿತ್ತು.

ಕ್ಯುಪೋಲಾದಲ್ಲಿ ಕಬ್ಬಿಣವು ಕೆಂಡವಾದ ಕೋಕ್‌ನ ನಡುವೆ ಹನಿಹನಿಯಾಗಿ ಇಳಿಯುವಾಗ ತನಗೆ ಬೇಕಾದ ಇಂಗಾಲವನ್ನು ತಾನೇ ಹೀರಿಕೊಳ್ಳುತ್ತದೆ. ಇಂಡಕ್ಷನ್ ಫರ್ನೇಸ್‌ನಲ್ಲಿ ಕೋಕ್ ಇಲ್ಲ, ಆದ್ದರಿಂದ ಇಂಗಾಲವನ್ನು ನಾವೇ ತೂಗಿ ಹಾಕಬೇಕು; ಸುರಿಯುವ ಮುನ್ನ ಫೆರೊ ಸಿಲಿಕಾನ್‌ನ ಇನಾಕ್ಯುಲಂಟ್, ಅಂದರೆ ಬೀಡಿನಲ್ಲಿ ಗ್ರಾಫೈಟ್ ಹುಟ್ಟಿಸುವ ಪುಡಿ, ಸೇರಿಸಬೇಕು. ಮೊದಲ ತಿಂಗಳು ಇಂಗಾಲ ಹೆಚ್ಚಿರುವ ಕಚ್ಚಾ ಕಬ್ಬಿಣ, ಅಂದರೆ ಪಿಗ್ ಐರನ್, ಹೆಚ್ಚು ಹಾಕುತ್ತಿದ್ದೆವು, ಯಂತ್ರ ಕೊಟ್ಟವರ ತಂತ್ರಜ್ಞನೂ ಪಕ್ಕದಲ್ಲಿದ್ದ, ಹೀಗಾಗಿ ತೊಂದರೆ ಕಾಣಲಿಲ್ಲ. ಅವನು ಹೋದ ಮೇಲೆ ಖರ್ಚು ಇಳಿಸಲು ಉಕ್ಕಿನ ಗುಜರಿಯ ಪ್ರಮಾಣ ಏರಿಸಿದೆ. ಹೊಸದಾಗಿ ಸೇರಿಸಿಕೊಂಡಿದ್ದ ಐಟಿಐ ಹುಡುಗ ಪ್ಯಾನೆಲ್ ನಡೆಸುವುದರಲ್ಲಿ ಚುರುಕಾಗಿದ್ದ, ಆದರೆ ಬೀಡನ್ನು ಕಣ್ಣಿನಿಂದ ಓದುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಇದರ ಮೇಲೆ ಇನ್ನೊಂದು ತೊಡಕು ಬಂತು. ಕ್ಯುಪೋಲಾದಿಂದ ರಸ, ಅಂದರೆ ಕರಗಿದ ಲೋಹ, ಸಣ್ಣ ಧಾರೆಯಾಗಿ ಗಂಟೆಗಟ್ಟಲೆ ಬರುತ್ತಿತ್ತು. ಹೊಸ ಭಟ್ಟಿಯಲ್ಲಿ ಅರ್ಧ ಟನ್ ಒಮ್ಮೆಗೇ ಸಿದ್ಧವಾಗಿ ನಿಲ್ಲುತ್ತಿತ್ತು. ಅಚ್ಚಿನ ಪೆಟ್ಟಿಗೆಗಳು ಅಷ್ಟು ಬೇಗ ಸಿದ್ಧವಾಗುತ್ತಿರಲಿಲ್ಲವಾದ್ದರಿಂದ ರಸವನ್ನು 1500 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಕಾಯಿಸುತ್ತಲೇ ಇಟ್ಟುಕೊಳ್ಳುತ್ತಿದ್ದೆವು. ಹಾಗೆ ಅತಿ ಕಾದ ರಸದಲ್ಲಿ ಗ್ರಾಫೈಟ್ ಹುಟ್ಟಲು ಬೇಕಾದ ಸೂಕ್ಷ್ಮ ಕಣಗಳು ನಾಶವಾಗುತ್ತವೆ. ಎರಕದ ತೆಳುವಾದ ಅಂಚುಗಳು ಬೂದು ಬೀಡಾಗದೆ ಗಾಜಿನಂತೆ ಗಟ್ಟಿಯಾದ ಬಿಳಿ ಬೀಡಾಗಿಬಿಡುತ್ತವೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಲೇತ್ ಮೇಲೆ ಹೋದಾಗ ಟೂಲ್ ಮುರಿಯುತ್ತದೆ.

ನಮ್ಮ ಅತಿ ದೊಡ್ಡ ಗಿರಾಕಿಯ ಮಷಿನ್ ಶಾಪಿನಲ್ಲಿ ಒಂದೇ ವಾರ ಹಾಗೆ ಹಲವು ಟೂಲ್‌ಗಳು ಮುರಿದವು. ಒಂಬತ್ತು ಟನ್ ಮಾಲು ತಿರಸ್ಕೃತವಾಗಿ ವಾಪಸ್ ಬಂತು, ಹಿಂದೆಯೇ ಹಣ ಕಡಿತದ ಡೆಬಿಟ್ ನೋಟ್ ಬಂತು. ಎರಡು ತಿಂಗಳಲ್ಲಿ ಆ ಗಿರಾಕಿ ಕೊಲ್ಹಾಪುರದ ಕಡೆಯ ಬೇರೊಂದು ಫೌಂಡ್ರಿಗೆ ಹೋದರು. ನನ್ನ ಆರ್ಡರುಗಳಲ್ಲಿ ಐದರಲ್ಲಿ ಎರಡು ಪಾಲು ಅವರದ್ದೇ ಆಗಿತ್ತು, ಮತ್ತು ಅವರು ಇಂದಿಗೂ ಮರಳಿಲ್ಲ.

ಕಾಕಾ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಬೇಕಾಗಿಯೇ ಇಲ್ಲ, ಏಕೆಂದರೆ ನಲವತ್ತು ವರ್ಷ ಅವರು ಮಾಡುತ್ತಿದ್ದುದು ಅದನ್ನೇ. ಪ್ರತಿ ಲೇಡಲ್‌ನಿಂದ ಮರಳಿನಲ್ಲಿ ಒಂದು ಸಣ್ಣ ಬೆಣೆಯಾಕಾರದ ತುಂಡು ಹೊಯ್ದು, ನೀರಿಗದ್ದಿ, ಸುತ್ತಿಗೆಯಿಂದ ಮುರಿದು, ತುದಿಯಲ್ಲಿ ಬಿಳಿ ಎಷ್ಟಿದೆ, ಬೂದು ಎಲ್ಲಿಂದ ಶುರುವಾಗಿದೆ ಎಂದು ನೋಡುತ್ತಿದ್ದರು. ಬಿಳಿ ಹೆಚ್ಚಿದ್ದರೆ ಹೊಯ್ಯಲು ಬಿಡುತ್ತಿರಲಿಲ್ಲ. ಆ ಪರೀಕ್ಷೆಗೆ ಕೋಕ್ ಬೇಕಿಲ್ಲ, ಯಾವ ಬೆಂಕಿಯಲ್ಲಿ ಕರಗಿಸಿದರೂ ಅದು ನಡೆಯುತ್ತದೆ. ಬೆಂಕಿಮಣ್ಣು ಮೆತ್ತುತ್ತಿದ್ದ ಇಬ್ಬರ ಕೆಲಸವೂ ಹಾಗೆಯೇ: ಇಂಡಕ್ಷನ್ ಫರ್ನೇಸ್‌ನ ಒಳಗೋಡೆಯನ್ನು ಸಿಲಿಕಾ ಪುಡಿಯಿಂದ ಬಡಿದು ಕಟ್ಟಬೇಕು, ಗಾಳಿ ಉಳಿದರೆ ಬಿರುಕು ಬಿಡುತ್ತದೆ, ಬಿರುಕಿನಿಂದ ರಸ ನೀರು ಹರಿಯುವ ತಾಮ್ರದ ಕಾಯಿಲ್ ತಲುಪಿದರೆ ಸ್ಫೋಟವೇ ಆಗಬಹುದು. ಆ ಕೆಲಸಕ್ಕೆ ಬೇಕಾದ ಕೈಯ ತಾಳ್ಮೆ ಇದ್ದವರನ್ನು ಕಳುಹಿಸಿ, ಹೊರಗಿನವರನ್ನು ದಿನದ ಲೆಕ್ಕದಲ್ಲಿ ಕರೆಸಿ ಲೈನಿಂಗ್ ಮಾಡಿಸಿದೆ. ಮೊದಲ ಮೂರು ಲೈನಿಂಗ್‌ಗಳು ಬಾಳಬೇಕಾದುದರ ಅರ್ಧದಷ್ಟೂ ಬಾಳಲಿಲ್ಲ. ಉಳಿಸಿದ್ದ ಸಂಬಳವೆಲ್ಲ ಅಲ್ಲಿಗೇ ಹೋಯಿತು.

ಕೊನೆಗೆ ನಾನೇ ಕಾಕಾ ಅವರ ಊರಿಗೆ ಹೋದೆ. ಅವರು ಸಿಟ್ಟು ಮಾಡಲಿಲ್ಲ, ಚಹಾ ಕೊಟ್ಟರು. ಒಯ್ದಿದ್ದ ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ರಸ ಭಾಳ ಹೊತ್ತು ಕಾಯಿಸೀರಿ ತಮ್ಮಾ, ಬಿಸಿ ಐತಿ, ಹದಾ ಇಲ್ಲ" ಎಂದರು. ವಾಪಸ್ ಬರಬೇಕೆಂದು ಕೇಳಿದಾಗ, "ನಾ ಒಬ್ಬಾಂವ ಬಂದ್ರ ಆ ಹುಡುಗ್ರ ಮುಂದ ಹೆಂಗ ನಿಂದರ್ಲಿ?" ಎಂದು ಕೇಳಿದರು. ಅಷ್ಟರಲ್ಲಿ ಏಳು ಜನರಲ್ಲಿ ಒಬ್ಬ ಗೋವೆಗೆ ಹೋಗಿದ್ದ, ಇನ್ನಿಬ್ಬರಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಉಳಿದ ನಾಲ್ವರನ್ನು ಕಾಯಂ ಮಾಡಿಕೊಂಡ ಮೇಲೆಯೇ ಕಾಕಾ ಬಂದರು. ಐಟಿಐ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆರು ತಿಂಗಳು ಕಲಿಸಿದರು, ಅವನಿಂದ ಪ್ಯಾನೆಲ್ ಓದುವುದನ್ನು ತಾವೂ ಕಲಿತರು. ಎಫ್‌ಜಿ 220 ದರ್ಜೆಯ ಬೀಡು ಮತ್ತೆ ಒಂದೇ ಹದದಲ್ಲಿ ಬರಲಾರಂಭಿಸಿದ್ದು ಆ ಬಳಿಕವೇ.

ನ್ಯಾಯಯುತ ಪರಿವರ್ತನೆ, ಅಂದರೆ ಮಾಲಿನ್ಯದ ಉದ್ದಿಮೆ ಬದಲಾಗುವಾಗ ಅದರ ಕಾರ್ಮಿಕರನ್ನು ಕೈಬಿಡಬಾರದು ಎಂಬ ಮಾತನ್ನು ಈಗ ಸಭೆಗಳಲ್ಲಿ ಕೇಳುತ್ತೇವೆ. ಈ ವಿಚಾರ ಹುಟ್ಟಿದ್ದು ಅಮೆರಿಕದ ಕಾರ್ಮಿಕ ಸಂಘಗಳಲ್ಲಿ. ತೈಲ ಮತ್ತು ರಾಸಾಯನಿಕ ಕಾರ್ಮಿಕರ ನಾಯಕರಾಗಿದ್ದ ಟೋನಿ ಮಝೋಕಿ ಅದಕ್ಕಾಗಿ ಹೋರಾಡಿದರು. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿಯೂ ಕಾರ್ಮಿಕರ ವಿಷಯದಲ್ಲಿಯೇ ಆ ಮಾತು ಬಂದಿದೆ. ಇದು ಕಲ್ಲಿದ್ದಲು ಗಣಿಗಳಿಗೆ, ದೊಡ್ಡ ವಿದ್ಯುತ್ ಸ್ಥಾವರಗಳಿಗೆ ಸಂಬಂಧಿಸಿದ್ದೆಂದು ನಾನು ತಿಳಿದಿದ್ದೆ. ಇಪ್ಪತ್ತೆರಡು ಜನರ ಫೌಂಡ್ರಿಗೂ ಅದು ಅನ್ವಯಿಸುತ್ತದೆಂದು ನನಗೆ ತಿಳಿಸಿದ್ದು ವಾಪಸ್ ಬಂದ ಒಂಬತ್ತು ಟನ್ ಮಾಲು. ಸಣ್ಣ ಉದ್ದಿಮೆಗಳಿಗೆ ನೆರವು ಎಂದಾಗ ನಮ್ಮಲ್ಲಿ ಎಲ್ಲರೂ ಯಂತ್ರದ ಸಾಲವನ್ನೇ ಯೋಚಿಸುತ್ತಾರೆ. ಹೊಸ ಯಂತ್ರದ ಜೊತೆಗೆ ಹಳೆಯ ಕೈಗಳು ಪಳಗುವ ಆ ಆರು ತಿಂಗಳ ಸಂಬಳಕ್ಕೂ ನೆರವು ಸಿಗಬೇಕು, ಗುತ್ತಿಗೆಯವರ ಹೆಸರೂ ಆ ಲೆಕ್ಕದಲ್ಲಿರಬೇಕು ಎಂದು ನಾನು ನಮ್ಮ ಉದ್ಯಮಿಗಳ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. 2025ರ ಜುಲೈನಲ್ಲಿ ಇಂಧನ ದಕ್ಷತಾ ಬ್ಯೂರೋ ಆರಂಭಿಸಿದ ಯೋಜನೆಯಲ್ಲಿ ಫೌಂಡ್ರಿಗಳೂ ಸೇರಿವೆ. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳ ಸಾಲಕ್ಕೆ ಶೇ 5ರಷ್ಟು ಬಡ್ಡಿ ರಿಯಾಯಿತಿ ಇದೆ. ನಿಮ್ಮ ಊರಿನ ಫೌಂಡ್ರಿಗಳು ಅದರ ವ್ಯಾಪ್ತಿಗೆ ಬರುತ್ತವೆಯೇ ಎಂದು ಕೇಳಿ, ಬಂದರೆ ಅರ್ಜಿ ಹಾಕಿ. ಆದರೆ ನಿಮ್ಮನ್ನು ಉಳಿಸುವುದು ಅಥವಾ ಮುಳುಗಿಸುವುದು ಆ ಶೇ 5 ಅಲ್ಲ. ಸಾಲದ ಅರ್ಜಿಯಲ್ಲಿ ಯಂತ್ರದ ಬೆಲೆಯ ಜೊತೆಗೆ ಆರು ತಿಂಗಳ ದುಡಿಯುವ ಬಂಡವಾಳವನ್ನೂ ಕೇಳಿ. ಬ್ಯಾಂಕ್ ಒಪ್ಪದಿದ್ದರೆ ಸಣ್ಣ ಫರ್ನೇಸ್ ಕೊಳ್ಳಿ. ಗಿರಾಕಿಗಳು 45 ದಿನಗಳೊಳಗೆ ಹಣ ಕೊಡಬೇಕೆಂದು ಸಣ್ಣ ಉದ್ದಿಮೆಗಳ 2006ರ ಕಾಯಿದೆ ಹೇಳುತ್ತದೆ, ಬಾಕಿ ಉಳಿಸಿಕೊಂಡವರಿಗೆ ಆದಾಯ ತೆರಿಗೆಯಲ್ಲಿಯೂ ಈಗ ಬಿಸಿ ತಟ್ಟುತ್ತದೆ, ಕೇಳಲು ಸಂಕೋಚಪಡಬೇಡಿ.

ವಿದ್ಯುತ್ತಿನ ವಿಚಾರದಲ್ಲಿ ಎರಡು ಮಾತು. ಹೆಸ್ಕಾಂಗೆ ಅರ್ಜಿ ಹಾಕುವಾಗ ದೊಡ್ಡಸ್ತಿಕೆಗೆ ಹೆಚ್ಚಿನ ಕಾಂಟ್ರ್ಯಾಕ್ಟ್ ಡಿಮ್ಯಾಂಡ್, ಅಂದರೆ ನಿಮಗಾಗಿ ಕಾದಿರಿಸುವ ವಿದ್ಯುತ್ ಹೊರೆ, ಬರೆಸಬೇಡಿ, ಏಕೆಂದರೆ ಭಟ್ಟಿ ಹಚ್ಚದ ತಿಂಗಳಲ್ಲಿಯೂ ಅದರ ದೊಡ್ಡ ಪಾಲಿಗೆ ಶುಲ್ಕ ಕಟ್ಟಬೇಕಾಗುತ್ತದೆ. ಇನ್ನೊಂದು, ಇಂಡಕ್ಷನ್ ಹಾಕಿದ ಕೂಡಲೇ ಕಲ್ಲಿದ್ದಲು ಬಿಟ್ಟೆವೆಂದು ನೀವು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಒಂದು ಟನ್ ಬೀಡು ಕರಗಿಸಲು ಸುಮಾರು 600 ಯೂನಿಟ್ ಬೇಕು. ದೇಶದ ವಿದ್ಯುತ್ ಜಾಲದ ಸರಾಸರಿಯಲ್ಲಿ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ 420 ಕಿಲೋ ಆಗುತ್ತದೆ. ಕ್ಯುಪೋಲಾದಲ್ಲಿ ಟನ್ನಿಗೆ 130 ಕಿಲೋ ಕೋಕ್ ಸುಟ್ಟರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಓಣಿಯ ಹೊಗೆ ಹೋಗುತ್ತದೆ, ಅದು ದೊಡ್ಡ ವಿಷಯವೇ. ಆದರೆ ಕಲ್ಲಿದ್ದಲು ನಮ್ಮ ಅಂಗಳದಿಂದ ರಾಯಚೂರಿನ ಸ್ಥಾವರಕ್ಕೆ ಸರಿದಿರುತ್ತದೆ, ಅಷ್ಟೆ. ಗಾಳಿ ಅಥವಾ ಸೌರ ವಿದ್ಯುತ್ತನ್ನು ಸೇರಿಸಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಹಸಿರು ವಿದ್ಯುತ್ತನ್ನು ಉತ್ಪಾದಕರಿಂದಲೇ ಕೊಳ್ಳಲು ಬಿಡುವ 2022ರ ಹಸಿರು ವಿದ್ಯುತ್ ಮುಕ್ತ ಪ್ರವೇಶ ನಿಯಮಗಳು ಅದಕ್ಕೆ ಬೇಕಾದ ವಿದ್ಯುತ್ ಹೊರೆಯ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿರುವುದರಿಂದ ನಮ್ಮಂಥವರಿಗೂ ಅದು ಸಾಧ್ಯವಿದೆ. ಒಬ್ಬರೇ ಮಾಡುವುದು ಕಷ್ಟ, ಅಕ್ಕಪಕ್ಕದ ನಾಲ್ಕಾರು ಫೌಂಡ್ರಿಗಳು ಸೇರಿ ಮಾಡಿ.

ಇದಕ್ಕೆಲ್ಲ ಮೊದಲು ನಿಮ್ಮ ಆರು ಜನರನ್ನು ಕೂರಿಸಿಕೊಂಡು ಮಾತನಾಡಿ, ಗುತ್ತಿಗೆಯವರನ್ನೂ ಸೇರಿಸಿ. ಯಾರಿಗೆ ಲೈನಿಂಗ್ ಒಗ್ಗುತ್ತದೆ, ಯಾರು ಬೀಡಿನ ಹದ ನೋಡಬಲ್ಲರು, ಅಚ್ಚು ಕಟ್ಟುವ ಕೆಲಸಕ್ಕೆ ಹೋಗಲು ಯಾರು ಒಪ್ಪುತ್ತಾರೆ, ಯಾರ ನಿವೃತ್ತಿ ಹತ್ತಿರವಿದೆ ಎಂದು ಅವರಿಂದಲೇ ಕೇಳಿ ಬರೆದುಕೊಳ್ಳಿ. ಹೊಸ ಭಟ್ಟಿಯ ಮಾಲು ಮೂರು ತಿಂಗಳು ಗಿರಾಕಿಯ ಲೇತ್ ಮೇಲೆ ದೂರಿಲ್ಲದೆ ಓಡುವವರೆಗೆ ಕ್ಯುಪೋಲಾಕ್ಕೆ ಗ್ಯಾಸ್ ಕಟ್ಟರ್ ಮುಟ್ಟಿಸಬೇಡಿ. ಕಾಕಾ ಈಗ ವಾರಕ್ಕೆ ಎರಡು ದಿನ ಮಾತ್ರ ಬರುತ್ತಾರೆ. ಬೆಣೆ ಮುರಿದು ನೋಡುವುದನ್ನು ನಿಮ್ಮವರಿಗೂ ಹೇಳಿಕೊಡಬಹುದೇ ಎಂದು ಕೇಳಿದ್ದಕ್ಕೆ ಒಪ್ಪಿದ್ದಾರೆ. ನೀವು ಬರುವುದಾದರೆ ಭಟ್ಟಿಯವರನ್ನೂ ಕರೆದುಕೊಂಡು ಬನ್ನಿ.